ಕಪಾಟಿನ ದೈತ್ಯರು: ಜಪಾನಿನ ಯಂತ್ರಮಾನವ ಆಟಿಕೆಗಳ ಕಥೆ

ಚರಿತ್ರೆ ಎಂದೊಡನೆ ನಿಮಗೆ ಶಾಸನ, ನಾಣ್ಯ, ತಾಮ್ರಪಟಗಳು ನೆನಪಾಗಬಹುದು. ಇವು ಬಹುಮಟ್ಟಿಗೆ ಅರಸರು, ಅಧಿಕಾರಿಗಳು, ವರ್ತಕರು ಬಿಟ್ಟುಹೋದ ದಾಖಲೆಗಳು. ಮಕ್ಕಳು ಬಿಟ್ಟುಹೋಗುವ ದಾಖಲೆ ಯಾವುದು? ಅವರು ಆಡಿ, ಮುರಿದು, ಮೂಲೆಗೆಸೆದ ಆಟಿಕೆ. ಹರಪ್ಪಾ ನಾಗರಿಕತೆಯ ನೆಲೆಗಳಲ್ಲಿ ಸುಟ್ಟ ಮಣ್ಣಿನ ಪುಟ್ಟ ಗಾಡಿಗಳು ಸಿಕ್ಕಿವೆ. ಅಂದಿನ ಗಾಡಿ ಹೇಗಿತ್ತು ಎಂಬುದನ್ನು ವಿದ್ವಾಂಸರು ಅವುಗಳಿಂದಲೂ ಅರಿತಿದ್ದಾರೆ. ನಾಲ್ಕು ಸಾವಿರ ವರ್ಷಗಳ ಹಿಂದಿನ ಆಟಿಕೆ ಸಾಕ್ಷಿ ಹೇಳಬಲ್ಲುದಾದರೆ ಐವತ್ತು ವರ್ಷಗಳ ಹಿಂದಿನ ಆಟಿಕೆಯೂ ಹೇಳಬಲ್ಲುದು.

ಅಂಥ ಒಂದು ಆಟಿಕೆಯನ್ನು ಕಲ್ಪಿಸಿಕೊಳ್ಳಿ. ಅಂಗೈ ಮೇಲೆ ನಿಲ್ಲುವ ಲೋಹದ ಯಂತ್ರಮಾನವ. ಕೈಗೆತ್ತಿಕೊಂಡರೆ ಗಾತ್ರಕ್ಕೆ ಮೀರಿದ ಭಾರ. ಎದೆಯ ಮೇಲೆ ಎರಡು ಕೆಂಪು ಫಲಕ. ಗುಂಡಿ ಒತ್ತಿದರೆ ಮುಷ್ಟಿ ಚಿಮ್ಮಿ ಹಾರುತ್ತದೆ. ಹೆಸರು ಮಜಿಂಗರ್ ಜೆಡ್. ಜಪಾನಿನ ಪೋಪಿ ಎಂಬ ಕಂಪನಿ 1974ರಲ್ಲಿ ಇದನ್ನು ಅಂಗಡಿಗೆ ತಂದಿತು. ಇದನ್ನೂ ಇದರ ಬಂಧುಬಳಗವನ್ನೂ ಸಂಗ್ರಹಿಸುವ ಹವ್ಯಾಸ ಇಂದು ಜಪಾನಿನಿಂದ ಯೂರೋಪು, ಅಮೆರಿಕಗಳವರೆಗೆ ಹಬ್ಬಿದೆ. ನಿಮ್ಮಲ್ಲಿ ಕೆಲವರಿಗೂ ಆ ಆಸೆ ಹುಟ್ಟಿರಬಹುದು. ಹಾಗಿದ್ದರೆ ಹಣ ಬಿಚ್ಚುವ ಮುನ್ನ ಈ ಆಟಿಕೆಗಳ ಹಿಂದಿನ ಕಥೆಯನ್ನು ಕೇಳಿ. ಯುದ್ಧದಲ್ಲಿ ಸೋತ ಒಂದು ದೇಶ, ಸುಟ್ಟುಹೋದ ಒಂದು ಊರು, ಟೆಲಿವಿಷನ್ ಎಂಬ ಹೊಸ ಮಾಧ್ಯಮ, ಸತು ಎಂಬ ಒಂದು ಲೋಹ, ಇಷ್ಟೂ ಅದರಲ್ಲಿ ಬರುತ್ತವೆ.

ಡಬ್ಬಿಯ ತಗಡು, ಸುಟ್ಟ ಊರು

1945ರ ಆಗಸ್ಟ್‌ನಲ್ಲಿ ಜಪಾನ್ ಶರಣಾಯಿತು. ನಗರಗಳು ಬೂದಿಯಾಗಿದ್ದವು, ಕಾರ್ಖಾನೆಗಳಲ್ಲಿ ಕಚ್ಚಾ ಸಾಮಗ್ರಿ ಇರಲಿಲ್ಲ. ಆದರೆ ಬೀಡುಬಿಟ್ಟಿದ್ದ ಅಮೆರಿಕನ್ ಸೈನಿಕರು ಆಹಾರ ತಿಂದು ಬಿಸಾಡಿದ ಖಾಲಿ ಡಬ್ಬಿಗಳು ರಾಶಿ ರಾಶಿಯಾಗಿದ್ದವು. ಓತ್ಸು ಎಂಬ ಊರಿನಲ್ಲಿ ಕೊಸುಗೆ ಮತ್ಸುಜೋ ಎಂಬ ಆಟಿಕೆ ತಯಾರಕರು ಈ ಡಬ್ಬಿಗಳ ತಗಡನ್ನು ತಟ್ಟಿ, ಕತ್ತರಿಸಿ, ಅಮೆರಿಕನ್ ಜೀಪಿನ ಪುಟ್ಟ ಮಾದರಿಯನ್ನು ಮಾಡಿದರು. ಆ ವರ್ಷದ ಡಿಸೆಂಬರಿನಲ್ಲಿ ಅದು ಹತ್ತಿರದ ಕ್ಯೋಟೋ ನಗರದಲ್ಲಿ ಮಾರಾಟಕ್ಕೆ ಬಂದು ಬಿಸಿ ದೋಸೆಯಂತೆ ಖರ್ಚಾಯಿತು. ಗೆದ್ದವನ ವಾಹನ, ಗೆದ್ದವನ ಕಸದಿಂದ, ಸೋತವನ ಮಗುವಿಗಾಗಿ!

1947ರಿಂದ ಆಟಿಕೆಗಳ ರಫ್ತು ಮತ್ತೆ ಶುರುವಾಯಿತು. 1952ರವರೆಗಿನ ರಫ್ತು ಸರಕುಗಳ ಮೇಲೆ ‘ಆಕ್ರಮಿತ ಜಪಾನಿನಲ್ಲಿ ತಯಾರಾದದ್ದು’ ಎಂಬರ್ಥದ ಇಂಗ್ಲಿಷ್ ಮುದ್ರೆ ಕಾಣುವುದುಂಟು. ಹಳೆಯ ತಗಡಿನ ಆಟಿಕೆಯ ತಳದಲ್ಲಿ ಈ ಮುದ್ರೆ ಕಂಡರೆ ಅದರ ಕಾಲವನ್ನು ಐದಾರು ವರ್ಷಗಳ ಅಂತರದಲ್ಲಿ ಹೇಳಿಬಿಡಬಹುದು. ಶಾಸನದಲ್ಲಿ ಶಕವರ್ಷ ಓದಿದ ಹಾಗೆಯೇ ಇದು.

ಈಗ ಕೋಬೆ ನಗರಕ್ಕೆ ಬನ್ನಿ. 1945ರಲ್ಲಿ ಅಮೆರಿಕದ ಬಿ-29 ವಿಮಾನಗಳು ಈ ಬಂದರಿನ ಮೇಲೆ ಬೆಂಕಿಬಾಂಬುಗಳನ್ನು ಸುರಿದವು. 1934ರಲ್ಲಿ ಅಲ್ಲಿ ಹುಟ್ಟಿದ ಯೊಕೊಯಾಮ ಮಿತ್ಸುತೆರು ಆಗ ಹತ್ತು ಹನ್ನೊಂದರ ಹುಡುಗ. ಯುದ್ಧಕಾಲದಲ್ಲಿ ಅವನನ್ನು ಬೇರೆ ಊರಿಗೆ ಕಳುಹಿಸಿದ್ದರು. ಮರಳಿ ಬಂದಾಗ ಕಂಡದ್ದು ಸುಟ್ಟ ಊರು. ಆ ಹುಡುಗ ದೊಡ್ಡವನಾಗಿ ಚಿತ್ರಕಥೆಗಾರನಾದ. 1956ರಲ್ಲಿ ‘ಶೋನೆನ್’ ಎಂಬ ಮಕ್ಕಳ ಪತ್ರಿಕೆಯಲ್ಲಿ ‘ತೆತ್ಸುಜಿನ್ 28’ ಎಂಬ ಚಿತ್ರಕಥೆಯನ್ನು ಆರಂಭಿಸಿದ. ತೆತ್ಸುಜಿನ್ ಎಂದರೆ ಉಕ್ಕಿನ ಮನುಷ್ಯ. ಯುದ್ಧದ ಕೊನೆಯ ದಿನಗಳಲ್ಲಿ ಜಪಾನಿನ ಸೈನ್ಯ ಗುಟ್ಟಾಗಿ ತಯಾರಿಸುತ್ತಿದ್ದ ಅಸ್ತ್ರವದು ಎಂದು ಕಥೆ ಹೇಳುತ್ತದೆ. ಯುದ್ಧ ಮುಗಿದ ಮೇಲೆ ಅದರ ನಿಯಂತ್ರಕ ಪೆಟ್ಟಿಗೆ ಒಬ್ಬ ಹುಡುಗನ ಕೈಗೆ ಬರುತ್ತದೆ. ತಾನು ಕಂಡ ಬಿ-29 ವಿಮಾನ, ಜರ್ಮನಿಯ ವಿ-2 ಕ್ಷಿಪಣಿಯ ಸುದ್ದಿ, ಫ್ರಾಂಕೆನ್‌ಸ್ಟೈನ್ ಚಲನಚಿತ್ರ, ಇವು ಮೂರೂ ಈ ಕಲ್ಪನೆಗೆ ಪ್ರೇರಣೆ ಎಂದು ಯೊಕೊಯಾಮ ಹೇಳಿಕೊಂಡಿದ್ದಾರೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ. ಆ ಉಕ್ಕಿನ ಮನುಷ್ಯನಿಗೆ ಒಳ್ಳೆಯದು ಕೆಟ್ಟದ್ದರ ಅರಿವಿಲ್ಲ. ಪೆಟ್ಟಿಗೆ ಯಾರ ಕೈಯಲ್ಲಿದೆಯೋ ಅವರ ಮಾತು ಕೇಳುತ್ತದೆ. ಕಳ್ಳನ ಕೈಗೆ ಹೋದರೆ ಕಳ್ಳನ ಸೇವೆ, ಹುಡುಗನ ಕೈಗೆ ಬಂದರೆ ಹುಡುಗನ ಸೇವೆ. ಹಿರೋಶಿಮ, ನಾಗಸಾಕಿಗಳ ತರುವಾಯ ಹತ್ತೇ ವರ್ಷಕ್ಕೆ ಬರೆದ ಕಥೆ ಇದು. ವಿಜ್ಞಾನದ ಗುಂಡಿ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆ ಅಂದಿನ ಜಪಾನಿನ ಮಕ್ಕಳಿಗೆ ಪಾಠವಾಗಿ ಬರದೆ ಆಟವಾಗಿ ಬಂತು.

ದೂರದರ್ಶನಕ್ಕೂ ಬಂದ ದೈತ್ಯ

ಇದೇ ಯೊಕೊಯಾಮ ಅವರ ಮತ್ತೊಂದು ಕಥೆಯನ್ನು ಆಧರಿಸಿ ಜಪಾನಿನ ತೋಯೆ ಸಂಸ್ಥೆ 1967-68ರಲ್ಲಿ ‘ಜೈಂಟ್ ರೋಬೋ’ ಎಂಬ 26 ಕಂತುಗಳ ಧಾರಾವಾಹಿಯನ್ನು ತಯಾರಿಸಿತು. ಇದು ವ್ಯಂಗ್ಯಚಿತ್ರವಲ್ಲ, ನಟರು ಅಭಿನಯಿಸಿದ್ದು. ಇದರ ಇಂಗ್ಲಿಷ್ ರೂಪ 1980ರ ದಶಕದಲ್ಲಿ ನಮ್ಮ ದೂರದರ್ಶನದಲ್ಲಿ ಪ್ರಸಾರವಾಯಿತು. ನಿಮ್ಮ ತಂದೆ ತಾಯಿಯರನ್ನು ಕೇಳಿ ನೋಡಿ. ಕೈಗಡಿಯಾರಕ್ಕೆ ಬಾಯಿಟ್ಟು ರೋಬಾಟನ್ನು ಕರೆಯುವ ಹುಡುಗನನ್ನು ಅವರಲ್ಲಿ ಹಲವರು ಮರೆತಿರಲಾರರು. ನನ್ನ ಓರಗೆಯವರೆಲ್ಲ ಆಗ ಬರಿಯ ಮಣಿಕಟ್ಟಿಗೆ ಆಜ್ಞೆ ಕೊಡುತ್ತಿದ್ದವರೇ. ಕೊನೆಯ ಕಂತಿನಲ್ಲಿ ರೋಬಾಟ್ ಹುಡುಗನ ಆಜ್ಞೆಯನ್ನು ಮೊದಲ ಬಾರಿಗೆ ಮೀರುತ್ತದೆ. ಶತ್ರುವನ್ನು ಹಿಡಿದುಕೊಂಡು ಬಾಹ್ಯಾಕಾಶಕ್ಕೆ ಹಾರಿ, ಉಲ್ಕೆಗೆ ಅಪ್ಪಳಿಸಿ ತಾನೂ ನಾಶವಾಗುತ್ತದೆ. ಗುಂಡಿಯ ಗುಲಾಮನಾಗಿದ್ದ ಯಂತ್ರಕ್ಕೆ ಹನ್ನೊಂದೇ ವರ್ಷಗಳಲ್ಲಿ ಮನಸ್ಸು ಬಂದಿತ್ತು.

ಪ್ರಾಯೋಜಕರು ಬದಲಾದರು

ಟೆಲಿವಿಷನ್ ಕೆಲಸದಲ್ಲಿರುವ ನನಗೆ ಮುಂದಿನ ಘಟ್ಟ ಹೆಚ್ಚು ಕುತೂಹಲದ್ದು. 1963ರ ಜನವರಿ 1ರಂದು ತೆಜುಕ ಒಸಾಮು ಅವರ ‘ತೆತ್ಸುವಾನ್ ಆಟಮ್’ ಎಂಬ ವ್ಯಂಗ್ಯಚಿತ್ರ ಧಾರಾವಾಹಿ ಜಪಾನಿನಲ್ಲಿ ಆರಂಭವಾಯಿತು. ಹೊರದೇಶಗಳಲ್ಲಿ ಇದು ‘ಆಸ್ಟ್ರೋ ಬಾಯ್’ ಎಂದು ಪ್ರಸಿದ್ಧ. ತಯಾರಿಕೆಯ ವೆಚ್ಚಕ್ಕಿಂತ ಕಡಿಮೆ ಬೆಲೆಗೆ ಅದನ್ನು ಪ್ರಸಾರಕ್ಕೆ ಕೊಡಲಾಗಿತ್ತು. ಕೊರತೆ ತುಂಬಲು ಆಟಿಕೆ ಮತ್ತಿತರ ವಸ್ತುಗಳ ಮೇಲೆ ಚಿತ್ರ ಬಳಸುವ ಹಕ್ಕನ್ನು ಮಾರಬೇಕಾಯಿತು. ಆಗಿನ ಪ್ರಾಯೋಜಕರು ಮಿಠಾಯಿ ಕಂಪನಿಗಳು. ಆಟಮ್‌ಗೆ ಮೆಯ್ಜಿ, ಅದೇ ವರ್ಷ ಅಕ್ಟೋಬರಿನಲ್ಲಿ ತೆರೆಗೆ ಬಂದ ತೆತ್ಸುಜಿನ್‌ಗೆ ಗ್ಲಿಕೊ. ಚಾಕೊಲೇಟಿನ ಜೊತೆ ಅಂಟುಚೀಟಿ ಕೊಟ್ಟರೆ ಚಾಕೊಲೇಟು ಹೆಚ್ಚು ಮಾರಾಟವಾಗುತ್ತಿತ್ತು.

ಹತ್ತು ವರ್ಷಗಳಲ್ಲಿ ಲೆಕ್ಕ ತಲೆಕೆಳಗಾಯಿತು. 1972ರ ಡಿಸೆಂಬರ್ 3ರಂದು ನಾಗಾಯ್ ಗೋ ಅವರ ‘ಮಜಿಂಗರ್ ಜೆಡ್’ ಪ್ರಸಾರ ಶುರುವಾಯಿತು. ವಾಹನಗಳ ದಟ್ಟಣೆಯನ್ನು ನೋಡುತ್ತಾ, ಮುಂದಿನ ಕಾರುಗಳನ್ನು ದಾಟಿ ನಡೆದುಹೋಗಲು ತಮ್ಮ ಕಾರಿಗೂ ಕಾಲುಗಳಿದ್ದರೆ ಎಂದು ಅವರಿಗನ್ನಿಸಿತಂತೆ. ಆದ್ದರಿಂದಲೇ ಈ ರೋಬಾಟಿಗೆ ದೂರದ ಪೆಟ್ಟಿಗೆಯಿಲ್ಲ, ಗಡಿಯಾರವಿಲ್ಲ. ಹುಡುಗನೇ ಅದರ ತಲೆಯೊಳಗೆ ಕುಳಿತು ನಡೆಸುತ್ತಾನೆ. ಜಪಾನಿನ ಮನೆಮನೆಗೆ ಸ್ವಂತ ಕಾರು ಬರುತ್ತಿದ್ದ ಕಾಲವದು ಎಂಬುದನ್ನು ನೆನಪಿಡಿ.

1973ರಲ್ಲಿ ಪೋಪಿ ಕಂಪನಿ ಸುಮಾರು 60 ಸೆಂಟಿಮೀಟರ್ ಎತ್ತರದ ಮಜಿಂಗರ್ ಆಟಿಕೆಯನ್ನು ಹೊರತಂದಿತು. ಹೆಸರು ಜಂಬೊ ಮಷಿಂಡರ್. ಶಾಂಪೂ ಬಾಟಲಿಗೆ ಬಳಸುವ ಪಾಲಿಎಥಿಲೀನನ್ನೇ ಅಚ್ಚಿನೊಳಗೆ ಊದಿ ಮಾಡಿದ ಟೊಳ್ಳು ಮೈ. ಮರುವರ್ಷ ಬಂದದ್ದು ಮೊದಲು ಹೇಳಿದ ಪುಟ್ಟ ಲೋಹದ ಆಟಿಕೆ. ಕಥೆಯಲ್ಲಿ ಮಜಿಂಗರ್‌ನ ಮೈ ‘ಚೋಗೋಕಿನ್’ ಎಂಬ ಲೋಹದ್ದು. ಚೋಗೋಕಿನ್ ಎಂದರೆ ಮಹಾಮಿಶ್ರಲೋಹ. ಕಂಪನಿ ಆ ಹೆಸರನ್ನೇ ಆಟಿಕೆಯ ಸಾಲಿಗೆ ಇಟ್ಟಿತು. ವಿನ್ಯಾಸದ ಹಿಂದಿದ್ದವರು ಮುರಕಾಮಿ ಕತ್ಸುಶಿ. ಕಥೆಯ ಲೋಹ ಕಾಲ್ಪನಿಕ, ಆಟಿಕೆಯ ಲೋಹ ಸತುವಿನ ಮಿಶ್ರಲೋಹ. ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಕಬ್ಬಿಣಕ್ಕೆ 1,538 ಡಿಗ್ರಿ ಬೇಕು. ಆದ್ದರಿಂದ ಕರಗಿದ ಸತುವನ್ನು ಉಕ್ಕಿನ ಅಚ್ಚಿನೊಳಕ್ಕೆ ಒತ್ತಡದಿಂದ ನುಗ್ಗಿಸಿ, ಅಚ್ಚು ಹಾಳಾಗದಂತೆ ಸಾವಿರಾರು ಪ್ರತಿಗಳನ್ನು ಎರಕ ಹೊಯ್ಯಬಹುದು. ನಯವಾದ ಮೈ, ಸ್ಪಷ್ಟವಾದ ಅಂಚು, ಒಳ್ಳೆಯ ತೂಕ. ಆ ತೂಕವೇ ಮಕ್ಕಳ ಮನಸ್ಸನ್ನು ಸೆಳೆಯಿತು.

ಈಗ ಆಟಿಕೆಯೇ ಪ್ರಾಯೋಜಕ. ಧಾರಾವಾಹಿಯಲ್ಲಿ ರೋಬಾಟ್ ಹೇಗಿರಬೇಕು ಎಂಬುದನ್ನು ಆಟಿಕೆ ಕಂಪನಿಯೂ ನಿರ್ಧರಿಸತೊಡಗಿತು. 1974ರ ‘ಗೆಟ್ಟರ್ ರೋಬೋ’ದಲ್ಲಿ ಮೂರು ವಿಮಾನಗಳು ಕೂಡಿ ಒಂದು ರೋಬಾಟ್ ಆಗುತ್ತಿದ್ದವು. ಚಿತ್ರದಲ್ಲಿ ಅದು ಸುಲಭ. ಲೋಹ ಹಾಗೆ ರಬ್ಬರಿನಂತೆ ಹಿಗ್ಗಿ ಕುಗ್ಗಲಾರದು. 1975ರ ‘ರೈದೀನ್’ ಹಕ್ಕಿಯಾಗಿ ಮಾರ್ಪಡುವ ರೋಬಾಟ್. ಅದರ ಆಟಿಕೆಯೂ ನಿಜವಾಗಿ ಹಕ್ಕಿಯಾಗುತ್ತಿತ್ತು. 1976ರ ‘ಕಾಂಬ್ಯಾಟ್ಲರ್ ವಿ’ಯ ಐದು ವಾಹನಗಳು ಟೆಲಿವಿಷನ್ನಿನಲ್ಲಿ ಹೇಗೆ ಕೂಡುತ್ತಿದ್ದವೋ ಮಗುವಿನ ಕೈಯಲ್ಲೂ ಹಾಗೇ ಕೂಡಿದವು. ಮಾರಾಟಕ್ಕಾಗಿಯೇ ಹುಟ್ಟಿದ ಕಥೆ ಒಳ್ಳೆಯದಿರಲು ಸಾಧ್ಯವೇ ಎಂದು ನೀವು ಕೇಳಬಹುದು. ಉತ್ತರ ಫಿಲಿಪೀನ್ಸ್‌ನಿಂದ ಬರುತ್ತದೆ.

ಸರ್ಕಾರ ಹೆದರಿದ ಆಟಿಕೆ

ಕಾಂಬ್ಯಾಟ್ಲರ್ ತರುವಾಯ ಅದೇ ನಿರ್ದೇಶಕ ನಾಗಹಾಮ ತದಾವೊ ‘ವೋಲ್ಟೆಸ್ ಫೈವ್’ ಧಾರಾವಾಹಿಯನ್ನು ಮಾಡಿದರು. ಇದು 1977ರಿಂದ 1978ರವರೆಗೆ 40 ಕಂತುಗಳಲ್ಲಿ ಪ್ರಸಾರವಾಯಿತು. ಹುಟ್ಟಿನಿಂದ ಕೊಂಬಿದ್ದವರು ಒಡೆಯರು, ಕೊಂಬಿಲ್ಲದವರು ಗುಲಾಮರು ಎಂಬ ಒಂದು ಗ್ರಹ. ಕೊನೆಯಲ್ಲಿ ಗುಲಾಮರು ದಂಗೆ ಎದ್ದು ಚಕ್ರಾಧಿಪತ್ಯವನ್ನು ಉರುಳಿಸುತ್ತಾರೆ. 1978ರಲ್ಲಿ ಇದು ಫಿಲಿಪೀನ್ಸ್‌ನಲ್ಲಿ ಪ್ರಸಾರವಾದಾಗ ಮಕ್ಕಳು ಮುಗಿಬಿದ್ದು ನೋಡಿದರು. ಆಗ ಅಲ್ಲಿ ಅಧ್ಯಕ್ಷ ಫರ್ಡಿನೆಂಡ್ ಮಾರ್ಕೋಸ್ ಅವರ ಮಿಲಿಟರಿ ಕಾನೂನು ಜಾರಿಯಲ್ಲಿತ್ತು. 1979ರಲ್ಲಿ, ಇನ್ನು ಕೆಲವೇ ಕಂತುಗಳು ಉಳಿದಿದ್ದಾಗ, ಸರ್ಕಾರ ಪ್ರಸಾರವನ್ನು ನಿಲ್ಲಿಸಿಬಿಟ್ಟಿತು. ಮಕ್ಕಳ ಮೇಲೆ ಹಿಂಸೆಯ ಪ್ರಭಾವವಾಗುತ್ತದೆ ಎಂಬುದು ಕೊಟ್ಟ ಕಾರಣ. ದಂಗೆಯ ಕಥೆಗೆ ಸರ್ಕಾರ ಹೆದರಿತು ಎಂಬುದು ಜನರ ನಂಬಿಕೆ. 1986ರಲ್ಲಿ ಜನರು ಬೀದಿಗಿಳಿದರು, ಮಾರ್ಕೋಸ್ ದೇಶ ಬಿಟ್ಟು ಹೋದರು. ಕಥೆಯ ಕೊನೆಯನ್ನು ಕಾಣದೆ ಬೆಳೆದ ಆ ಪೀಳಿಗೆ ವೋಲ್ಟೆಸನ್ನು ಮರೆಯಲಿಲ್ಲ. 2023ರಲ್ಲಿ ಫಿಲಿಪೀನ್ಸ್‌ನ ಒಂದು ಟೆಲಿವಿಷನ್ ವಾಹಿನಿ ಅದನ್ನು ತನ್ನದೇ ನಟರೊಂದಿಗೆ ಹೊಸದಾಗಿ ತಯಾರಿಸಿತು.

ಅಮೆರಿಕದಲ್ಲಿ ಬೇರೊಂದು ಪಾಠ ಕಾದಿತ್ತು. 1977ರಿಂದ ಜಪಾನಿನ ಈ ರೋಬಾಟುಗಳು ಅಲ್ಲಿ ‘ಶೋಗನ್ ವಾರಿಯರ್ಸ್’ ಎಂಬ ಹೆಸರಿನಲ್ಲಿ ಮಾರಾಟವಾದವು. ಹಾರುವ ಮುಷ್ಟಿ, ಚಿಮ್ಮುವ ಕ್ಷಿಪಣಿ ಇವುಗಳ ಆಕರ್ಷಣೆ. 1978ರ ಕೊನೆಯಲ್ಲಿ ಬೇರೊಂದು ಅಮೆರಿಕನ್ ಆಟಿಕೆಯ ಚಿಕ್ಕ ಕ್ಷಿಪಣಿ ಗಂಟಲಿಗೆ ಸಿಕ್ಕಿ ಒಂದು ಮಗು ಸತ್ತಿತು. ಮರುವರ್ಷದಿಂದ ಇಂಥ ಆಟಿಕೆಗಳ ವಿನ್ಯಾಸವೇ ಬದಲಾಯಿತು. ಸಂಗ್ರಾಹಕರು ಇಂದು ಚಿಮ್ಮುವ ಕ್ಷಿಪಣಿಯುಳ್ಳ ಹಳೆಯ ಪ್ರತಿಗೆ ಹೆಚ್ಚು ಬೆಲೆ ಕೊಡುವುದುಂಟು. ಆ ಬೆಲೆಯ ಹಿಂದೆ ಒಂದು ಮಗುವಿನ ಸಾವಿದೆ ಎಂಬುದನ್ನು ನೀವು ತಿಳಿದಿರಬೇಕು. ಮನೆಯಲ್ಲಿ ಪುಟ್ಟ ತಮ್ಮ ತಂಗಿಯರಿದ್ದರೆ ಹಳೆಯ ಆಟಿಕೆ ಅವರ ಕೈಗೆಟುಕದಂತಿರಲಿ.

ಸೋತು ಗೆದ್ದ ಗುಂಡಮ್

1979ರ ಏಪ್ರಿಲ್ 7ರಂದು ತೊಮಿನೊ ಯೋಶಿಯುಕಿ ನಿರ್ದೇಶನದ ‘ಮೊಬೈಲ್ ಸೂಟ್ ಗುಂಡಮ್’ ಆರಂಭವಾಯಿತು. ಇಲ್ಲಿ ರೋಬಾಟ್ ಅವತಾರಪುರುಷನಲ್ಲ. ಕಾರ್ಖಾನೆಯಲ್ಲಿ ತಯಾರಾಗುವ ಯುದ್ಧಯಂತ್ರ. ಇಂಧನ ಮುಗಿಯುತ್ತದೆ, ರಿಪೇರಿ ಬೇಕಾಗುತ್ತದೆ. ಎರಡೂ ಪಕ್ಷದಲ್ಲಿ ಮನುಷ್ಯರಿದ್ದಾರೆ, ಎರಡೂ ಕಡೆ ಸಾಯುತ್ತಾರೆ. ಪುಟ್ಟ ಮಕ್ಕಳಿಗೆ ಇದು ರುಚಿಸಲಿಲ್ಲ. ಪ್ರಾಯೋಜಕ ಕ್ಲೋವರ್ ಕಂಪನಿಯ ಆಟಿಕೆಗಳು ನಿರೀಕ್ಷೆಯಂತೆ ಖರ್ಚಾಗಲಿಲ್ಲ. 52 ಕಂತುಗಳೆಂದು ಯೋಜಿಸಿದ್ದನ್ನು 43ಕ್ಕೆ ಮೊಟಕುಗೊಳಿಸಿದರು. ಅಲ್ಲಿಗೆ ಎಲ್ಲವೂ ಮುಗಿಯಬೇಕಿತ್ತು. ಆದರೆ ಮರುಪ್ರಸಾರದಲ್ಲಿ ನಿಮ್ಮ ವಯಸ್ಸಿನ ಹೈಸ್ಕೂಲು, ಕಾಲೇಜು ವಿದ್ಯಾರ್ಥಿಗಳು ಅದನ್ನು ಹಿಡಿದುಕೊಂಡರು. 1980ರ ಜುಲೈನಲ್ಲಿ ಬಂದಾಯ್ ಕಂಪನಿ 144ರಲ್ಲಿ ಒಂದರ ಅಳತೆಯ ಪ್ಲಾಸ್ಟಿಕ್ ಮಾದರಿಯನ್ನು 300 ಯೆನ್‌ಗೆ ಬಿಡುಗಡೆ ಮಾಡಿತು. ಬಿಡಿಭಾಗಗಳನ್ನು ಕತ್ತರಿಸಿ, ಅಂಟಿಸಿ, ಬಣ್ಣ ಬಳಿದು ತಾವೇ ಜೋಡಿಸಬೇಕು. ಅಂಗಡಿಗಳ ಮುಂದೆ ಸಾಲು ನಿಂತಿತು. ವಿಚಿತ್ರವೆಂದರೆ, ಪ್ರಾಯೋಜಿಸಿದ್ದ ಕ್ಲೋವರ್ 1983ರಲ್ಲಿ ದಿವಾಳಿಯಾಯಿತು. ಗುಂಡಮ್ ಮಾತ್ರ ಇಂದಿಗೂ ಬದುಕಿದೆ. ಯೋಕೊಹಾಮ ಬಂದರಿನಲ್ಲಿ 2020ರ ಡಿಸೆಂಬರಿನಿಂದ 2024ರ ಮಾರ್ಚ್‌ವರೆಗೆ 18 ಮೀಟರ್ ಎತ್ತರದ, ಕೈಕಾಲು ಆಡಿಸುವ ಗುಂಡಮನ್ನೇ ನಿಲ್ಲಿಸಿದ್ದರು.

ಇನ್ನೊಂದು ಕವಲು ನಿಮಗೆ ಚೆನ್ನಾಗಿ ಪರಿಚಯವಿದೆ. ತಕಾರ ಎಂಬ ಕಂಪನಿ 1980ರಿಂದ ‘ಡಯಾಕ್ಲೋನ್’ ಎಂಬ ಆಟಿಕೆಗಳನ್ನು ಮಾಡುತ್ತಿತ್ತು. ಈ ಸಾಲಿನಲ್ಲಿ ಮುಂದೆ ರೋಬಾಟಾಗುವ ಕಾರು, ಲಾರಿಗಳು ಬಂದವು. ಒಳಗೆ ಕೂರಲು ಬೆರಳುದ್ದವೂ ಇಲ್ಲದ ಚಾಲಕ ಬೊಂಬೆ. 1984ರಲ್ಲಿ ಅಮೆರಿಕದ ಹಾಸ್ಬ್ರೊ ಕಂಪನಿ ಇವನ್ನೂ ಇಂಥ ಇತರ ಆಟಿಕೆಗಳನ್ನೂ ಕೊಂಡು ‘ಟ್ರಾನ್ಸ್‌ಫಾರ್ಮರ್ಸ್’ ಎಂದು ಹೆಸರಿಟ್ಟಿತು. ಹೊಸ ಕಥೆಯಲ್ಲಿ ರೋಬಾಟುಗಳಿಗೇ ಜೀವವಿತ್ತು, ಚಾಲಕ ಬೇಡವಾದ. ಆದರೆ ಅಚ್ಚು ಹಳೆಯದೇ. ಆದ್ದರಿಂದ ಮೊದಲ ವರ್ಷಗಳ ಟ್ರಾನ್ಸ್‌ಫಾರ್ಮರ್ ಕಾರಿನೊಳಗೆ ಇಣುಕಿದರೆ ಯಾರೂ ಕೂರದ ಪುಟ್ಟ ಆಸನ ಕಾಣುತ್ತದೆ. ಆ ಖಾಲಿ ಆಸನ ಒಂದು ಚಾರಿತ್ರಿಕ ದಾಖಲೆ.

ಸಂಗ್ರಹ ಆರಂಭಿಸುವವರಿಗೆ

1970ರ ದಶಕದ ಮಕ್ಕಳು 1990ರ ದಶಕದಲ್ಲಿ ಸಂಬಳ ಪಡೆಯುವ ದೊಡ್ಡವರಾದರು. ಬಾಲ್ಯದಲ್ಲಿ ಕೈಗೆಟುಕದ ಆಟಿಕೆಯನ್ನು ಈಗ ಕೊಳ್ಳಬಲ್ಲವರಾದರು. ಅವರಿಗಾಗಿಯೇ ಬಂದಾಯ್ 1997ರಲ್ಲಿ ‘ಸೋಲ್ ಆಫ್ ಚೋಗೋಕಿನ್’ ಎಂಬ ಹೊಸ ಸಾಲನ್ನು ಆರಂಭಿಸಿತು. ಮೊದಲನೆಯದು ಮತ್ತೆ ಮಜಿಂಗರ್ ಜೆಡ್. ಅದಕ್ಕೆ ಮೊದಲೇ, 1986ರಲ್ಲಿ, ಕಿತಾಹರ ತೆರುಹಿಸ ಎಂಬ ಸಂಗ್ರಾಹಕರು ಯೋಕೊಹಾಮದಲ್ಲಿ ತಗಡಿನ ಆಟಿಕೆಗಳ ವಸ್ತುಸಂಗ್ರಹಾಲಯವನ್ನು ತೆರೆದಿದ್ದರು. ಟೋಕಿಯೋದ ನಕಾನೊ ಬ್ರಾಡ್‌ವೇ ಎಂಬ ಅಂಗಡಿ ಸಂಕೀರ್ಣದಲ್ಲಿ 1980ರಲ್ಲಿ ಹಳೆಯ ಚಿತ್ರಕಥೆ ಪುಸ್ತಕಗಳ ಪುಟ್ಟ ಮಳಿಗೆಯಾಗಿ ಶುರುವಾದ ಮಂದರಾಕೆ ಮುಂದೆ ಹಳೆಯ ಆಟಿಕೆಗಳಿಗೂ ಹೆಸರಾಯಿತು.

ನೀವು ಆರಂಭಿಸುವುದಾದರೆ ಕೆಲವು ಮಾತು ನೆನಪಿಡಿ.

ಮೊದಲನೆಯದಾಗಿ, ಒಂದು ಎಳೆಯನ್ನು ಆರಿಸಿಕೊಳ್ಳಿ. ಕಂಡದ್ದನ್ನೆಲ್ಲ ಕೊಂಡರೆ ರಾಶಿಯಾಗುತ್ತದೆ, ಸಂಗ್ರಹವಾಗುವುದಿಲ್ಲ. ಒಬ್ಬ ವಿನ್ಯಾಸಕಾರರ ಆಟಿಕೆಗಳು, ಒಂದೇ ರೋಬಾಟಿನ ಬೇರೆ ಬೇರೆ ಕಾಲದ ರೂಪಗಳು, ಅಥವಾ ತಗಡು, ಸತು, ಪ್ಲಾಸ್ಟಿಕ್ ಎಂದು ಸಾಮಗ್ರಿಯ ಚರಿತ್ರೆ, ಹೀಗೆ ಒಂದು ಪ್ರಶ್ನೆಯಿರಲಿ. ಮೂರು ಆಟಿಕೆಗಳಿಂದಲೂ ಒಂದು ಪ್ರಶ್ನೆಗೆ ಉತ್ತರ ಹೇಳಬಹುದು.

ಎರಡನೆಯದಾಗಿ, ಮರುಮುದ್ರಣವನ್ನು ಕೀಳೆಂದು ತಿಳಿಯಬೇಡಿ. ಪುಸ್ತಕದ ಮೊದಲ ಮುದ್ರಣವನ್ನೇ ಓದಬೇಕೆಂದಿಲ್ಲವಲ್ಲ! ಆದರೆ ಹೊಸದನ್ನು ಹಳೆಯದೆಂದು ಮಾರುವವರಿದ್ದಾರೆ. ಹೊಸ ಪೆಟ್ಟಿಗೆಯಲ್ಲಿ ಹಳೆಯ ಆಟಿಕೆ, ಹಳೆಯ ಆಟಿಕೆಗೆ ಹೊಸ ಮುಷ್ಟಿ ಇವೂ ಉಂಟು. ಪಾದದ ತಳ, ಬೆನ್ನು, ಪೆಟ್ಟಿಗೆಯ ಅಂಚುಗಳಲ್ಲಿ ಕಂಪನಿಯ ಹೆಸರು, ವರ್ಷ, ಕ್ರಮಾಂಕಗಳನ್ನು ಹುಡುಕಿ. 1983ರಲ್ಲಿ ಪೋಪಿ ಬಂದಾಯ್‌ನಲ್ಲಿ ವಿಲೀನವಾಯಿತು. ಜಪಾನಿನ ಆಟಿಕೆ ಸುರಕ್ಷತೆಯ ‘ಎಸ್‌ಟಿ’ ಗುರುತು 1971ರಿಂದ ಬಳಕೆಗೆ ಬಂತು. ಆ ಗುರುತುಳ್ಳ ಪೆಟ್ಟಿಗೆಯನ್ನು 1960ರ ದಶಕದ್ದೆಂದು ಯಾರಾದರೂ ಹೇಳಿದರೆ ನೀವು ನಂಬಬೇಕಿಲ್ಲ.

ಮೂರನೆಯದಾಗಿ, ವಸ್ತುವಿನ ಗುಣ ತಿಳಿಯಿರಿ. ಬಿಸಿಲಿನ ಅತಿನೇರಳೆ ಕಿರಣಕ್ಕೆ ಬಿಳಿ ಪ್ಲಾಸ್ಟಿಕ್ ಹಳದಿಯಾಗುತ್ತದೆ. ಮೆತ್ತನೆಯ ಪಿವಿಸಿಯಿಂದ ಕಾಲಕ್ರಮದಲ್ಲಿ ಎಣ್ಣೆಯಂಥ ದ್ರವ ಒಸರುತ್ತದೆ. ಅದು ತಾಗಿದ ಗಟ್ಟಿ ಪ್ಲಾಸ್ಟಿಕ್ ಕೂಡ ಕರಗಬಹುದು. ಆದ್ದರಿಂದ ಎರಡನ್ನೂ ಅಂಟಿಸಿ ಇಡಬೇಡಿ. ಬ್ಯಾಟರಿ ಸೋರಿದರೆ ತಗಡು ತುಕ್ಕು ಹಿಡಿಯುತ್ತದೆ, ತೆಗೆದಿಡಿ. ಸತುವಿನೊಳಗೆ ಸೀಸ ಅತ್ಯಲ್ಪ ಪ್ರಮಾಣದಲ್ಲಿ ಬೆರೆತಿದ್ದರೂ ವರ್ಷಗಳ ಮೇಲೆ ಲೋಹ ಒಳಗಿನಿಂದಲೇ ಊದಿ, ಬಿರಿದು, ಪುಡಿಯಾಗುತ್ತದೆ. ಹಳೆಯ ಎರಕದ ಆಟಿಕೆಗಳನ್ನು ಕಾಡುವ ಈ ರೋಗಕ್ಕೆ ಮದ್ದಿಲ್ಲ. ಶುದ್ಧ ಸತುವೊಂದೇ ತಡೆ. ತೇವ ಇದನ್ನು ಹೆಚ್ಚಿಸುತ್ತದೆ. ನಮ್ಮ ಕರಾವಳಿ, ಮಲೆನಾಡುಗಳ ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡುವುದು ಒಳ್ಳೆಯದು.

ನಾಲ್ಕನೆಯದಾಗಿ, ಹಣದ ಲೆಕ್ಕ. ಹೊರದೇಶದಿಂದ ತರಿಸುವ ಆಟಿಕೆಯ ಮೇಲೆ ಸುಂಕವಿದೆ. ಭಾರತದಲ್ಲಿ ಈ ಸುಂಕವನ್ನು 2020ರಲ್ಲಿ ಶೇಕಡ 20ರಿಂದ 60ಕ್ಕೂ, 2023ರಲ್ಲಿ 70ಕ್ಕೂ ಏರಿಸಲಾಯಿತು. ಹಿರಿಯರನ್ನು ಕೇಳದೆ ಏನನ್ನೂ ತರಿಸಬೇಡಿ. ಬೆಲೆ ಏರುತ್ತದೆಂಬ ಆಸೆಯಿಂದ ಕೊಳ್ಳುವುದಂತೂ ಬೇಡ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ಒಂದು ನೋಟ್ ಪುಸ್ತಕ ಇಡಿ. ಪ್ರತಿ ಆಟಿಕೆಗೂ ಒಂದು ಪುಟ. ಯಾವಾಗ, ಎಲ್ಲಿ ತಯಾರಾಯಿತು, ಯಾವ ಸಾಮಗ್ರಿ, ಯಾರಿಂದ ಬಂತು, ಏನು ಮುರಿದಿದೆ, ಏನು ಬದಲಾಗಿದೆ ಎಂದು ಬರೆಯಿರಿ. ಬರವಣಿಗೆ ಇಲ್ಲದ ಆಟಿಕೆ ಒಡೆಯನ ಜೊತೆಗೇ ಮೂಕವಾಗುತ್ತದೆ.

1995ರ ಜನವರಿ 17ರಂದು ಕೋಬೆ ನಗರ ಮತ್ತೊಮ್ಮೆ ನೆಲಕಚ್ಚಿತು. ಈ ಬಾರಿ ಭೂಕಂಪ. ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ನಗರದ ನಗಾತ ಭಾಗ ಬೆಂಕಿಯಲ್ಲೂ ಬೆಂದಿತು. 2009ರಲ್ಲಿ ಅಲ್ಲಿನ ಜನ ಒಂದು ಉದ್ಯಾನದಲ್ಲಿ ಊರು ಚೇತರಿಸಿಕೊಂಡದ್ದರ ಗುರುತಾಗಿ ಏನನ್ನು ನಿಲ್ಲಿಸಿದರು ಗೊತ್ತೇ? ತಮ್ಮೂರಿನ ಯೊಕೊಯಾಮ ಸೃಷ್ಟಿಸಿದ ತೆತ್ಸುಜಿನ್ 28ನ್ನು, 15 ಮೀಟರಿಗೂ ಎತ್ತರವಾಗಿ, ಉಕ್ಕಿನಲ್ಲಿ. ಯುದ್ಧದ ಬೂದಿಯಿಂದ ಹುಟ್ಟಿದ ಅಸ್ತ್ರದ ಕಲ್ಪನೆ ಈಗ ಮುಷ್ಟಿ ಚಾಚಿ ಊರು ಕಾಯುತ್ತಿದೆ. ಯೊಕೊಯಾಮ ಇದನ್ನು ನೋಡಲಿಲ್ಲ, ಅವರು 2004ರಲ್ಲೇ ತೀರಿಕೊಂಡಿದ್ದರು. ಆದರೆ ಆ ಜನಕ್ಕೆ ಅವರ ಕಥೆ ನೆನಪಿತ್ತು, ಏಕೆಂದರೆ ಯಾರೋ ಬರೆದಿಟ್ಟಿದ್ದರು, ಯಾರೋ ಹಳೆಯ ಆಟಿಕೆಯನ್ನು ಎಸೆಯದೆ ಇಟ್ಟಿದ್ದರು.

ನಿಮ್ಮ ಮನೆಯ ಅಟ್ಟದಲ್ಲಿ ಜಪಾನಿನ ರೋಬಾಟ್ ಇಲ್ಲದಿರಬಹುದು. ಅಪ್ಪ ಅಮ್ಮ ಆಡಿದ ಯಾವುದಾದರೊಂದು ಆಟಿಕೆ ಇದ್ದೀತು. ಮೊದಲ ಪುಟವನ್ನು ಅದಕ್ಕೇ ಮೀಸಲಿಡಿ. ಎಲ್ಲಿ ಕೊಂಡದ್ದು, ಯಾರು ಕೊಡಿಸಿದ್ದು, ಆಗ ಟೆಲಿವಿಷನ್ನಿನಲ್ಲಿ ಏನು ಬರುತ್ತಿತ್ತು ಎಂದು ಅವರನ್ನೇ ಕೇಳಿ ಬರೆಯಿರಿ. ಈ ಸಂಗ್ರಹವನ್ನು ಇಂದು ಸಂಜೆಯೇ ಆರಂಭಿಸಬಹುದು, ಇದಕ್ಕೆ ಯಾವ ಸುಂಕವೂ ಇಲ್ಲ.